ಅಕ್ಕೋರಿಗೆ ಹತ್ತು ಸಹಿ

ಮುರುಗಲ ಹಣ್ಣು ಒಡೆದು ಸಿಪ್ಪೆ ಒಣಗಿಸೋ ದಿನ ಬಂತು ಅಂದ್ರೆ ನಂಗೆ 2023ರ ಏಪ್ರಿಲ್ ನೆನಪಾಗ್ತದೆ. ಈ ವರ್ಷನೂ ಅಂಗಳದಲ್ಲಿ ಚಾಪೆ ಹಾಸಿ ಸಿಪ್ಪೆ ಹರಗಿ ಕೂತಾಗ ಅದೇ ನೆನಪು ಬಂತು. ಇಷ್ಟು ದಿನ ಯಾರ ಹತ್ರನೂ ಹೇಳಿರ್ಲಿಲ್ಲ. ನಿಮ್ಮಲ್ಲಿ ಕೆಲವರಿಗೆ ಅರ್ಧ ಗೊತ್ತು, ಕೆಲವರಿಗೆ ಏನೂ ಗೊತ್ತಿಲ್ಲ. ಬರೆದೇ ಬಿಡ್ತೆ.

ನಮ್ಮ ಅಕ್ಕೋರು ನಿಮಗೆಲ್ಲ ಗೊತ್ತಿದ್ದೋರೇ. ಹೆಸರು ಹಾಕೂದು ಬೇಡ ಅಂದಿದ್ದಾರೆ, ಹಾಕೂದಿಲ್ಲ. ಅಮದಳ್ಳಿ ಸುತ್ತಮುತ್ತಲಿನ ನಾಲ್ಕು ಕನ್ನಡ ಶಾಲೆಯಲ್ಲಿ ಮೂವತ್ತಾರು ವರ್ಷ ಕಲಿಸಿದೋರು. ಕೆಲಸಕ್ಕೆ ಸೇರಿದ್ದು 1986ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ರಾಜೀವ ಗಾಂಧಿ ಬಂದು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿ ಹೋದ್ರು. "ನಂಗೆ ಕೆಲಸ ಸಿಕ್ಕಿದ ವರ್ಷನೇ ನನ್ನ ಶಾಲೆಯ ಅರ್ಧ ಮಕ್ಕಳ ಮನೆ ಹೋಗೂದು ಅಂತ ಆತು" ಅಂತ ಅಕ್ಕೋರು ಹೇಳ್ತಿದ್ರು. ನಂಗೆ ಅ ಆ ಕಲಿಸಿದ್ದು ಅವರೇ, ನನ್ನ ಮಗಳಿಗೂ ಅವರೇ. ಕನ್ನಡದೋರ ಹತ್ರ ಕನ್ನಡ, ಕೊಂಕಣಿಯೋರ ಹತ್ರ ಕೊಂಕಣಿ, ಮಕ್ಕಳ ಹತ್ರ ಎರಡೂ. ಹಾಲಕ್ಕಿ ಮನೆಯ ಅಜ್ಜಿಯರಿಂದ ಹಿಡಿದು ಮೀನು ಬುಟ್ಟಿ ಹೊತ್ತು ಬರೋ ಹೆಂಗಸರವರೆಗೆ ಎಲ್ಲರೂ ಅವರನ್ನು ಕಂಡ್ರೆ ಒಂದು ಕ್ಷಣ ನಿಂತು ಮಾತಾಡ್ಸಿಯೇ ಹೋಗೂದು.

ಅಕ್ಕೋರು 2022ರಲ್ಲಿ ನಿವೃತ್ತಿ ಆದ್ರು. ಮುಂದಿನ ಏಪ್ರಿಲ್‌ನಲ್ಲಿ ಒಂದು ಸಂಜೆ ನಮ್ಮನೆ ಜಗಲಿ ಮೇಲೆ ಕೂತು, ಚಾ ಕುಡೀತಾ, "ತಂಗಿ, ನಾ ವಿಧಾನಸಭೆಗೆ ನಿಲ್ಲಬೇಕು ಅಂತ ಮಾಡಿದ್ದೆ" ಅಂದ್ರು.

ನಾ ನಕ್ಕೆ. ತಮಾಷೆ ಅಂತ ತಿಳಿದಿದ್ದೆ. ಅವ್ರು ನಗ್ಲಿಲ್ಲ.

ಕಾರಣ ಅವರ ಅಣ್ಣ. ಹಿಂದಿನ ವರ್ಷ ಎದೆನೋವು ಬಂತು. ಇಲ್ಲಿಂದ ಮುಂದೆ ಕರ್ಕೊಂಡು ಹೋಗಿ ಅಂದ್ರು. ನಮ್ಮ ಜಿಲ್ಲೆಯೋರಿಗೆ "ಮುಂದೆ" ಅಂದ್ರೆ ಎಂತ ಅಂತ ನಿಮಗೆ ಗೊತ್ತು. ಉತ್ತರಕ್ಕೆ ಹೋದ್ರೆ ಗೋವಾದ ಬಾಂಬೋಳಿ, ದಕ್ಷಿಣಕ್ಕೆ ಮಣಿಪಾಲ ಇಲ್ಲಾ ಮಂಗಳೂರು, ಘಟ್ಟ ಹತ್ತಿದ್ರೆ ಹುಬ್ಬಳ್ಳಿ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದು ಎಷ್ಟೋ ವರ್ಷ ಆದ್ರೂ ತಲೆಗೆ ಪೆಟ್ಟಾದ್ರೆ, ಹೃದಯದ್ದಾದ್ರೆ ಆಂಬುಲೆನ್ಸೇ ಗತಿ. ಅಣ್ಣ ಭಟ್ಕಳ ದಾಟೂಕೆ ಮೊದ್ಲೇ ಹೋದ್ರು. ಆಮೇಲೆ ಜುಲೈ ತಿಂಗಳಲ್ಲಿ ಶಿರೂರು ಟೋಲ್ ಹತ್ರ ಹೊನ್ನಾವರದಿಂದ ಹೋಗ್ತಿದ್ದ ಆಂಬುಲೆನ್ಸ್ ಪಲ್ಟಿ ಆಗಿ ನಾಲ್ಕು ಜನ ಸತ್ರು. ಅದು ಬೈಂದೂರಿನ ಶಿರೂರು, ನಮ್ಮ ಅಂಕೋಲೆ ಶಿರೂರಲ್ಲ. ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗು ಎದ್ದದ್ದು, ಆಸ್ಪತ್ರೆ ಇಲ್ಲದಿದ್ರೆ ಓಟೂ ಇಲ್ಲ ಅಂತ ಹುಡುಗರೆಲ್ಲ ಸ್ಟೇಟಸ್ ಹಾಕಿದ್ದು ನಿಮಗೆ ನೆನಪಿರಬೇಕು.

ಅಕ್ಕೋರಿಗೆ ಆ ಮಾತು ಸರಿ ಬರ್ಲಿಲ್ಲ. "ನಾವು ಓಟು ಹಾಕದಿದ್ರೆ ಯಾರಿಗೆ ನಷ್ಟ? ಹಾಕಿದೋರ ಓಟಲ್ಲಿ ಯಾರಾದ್ರೂ ಗೆದ್ದೇ ಗೆಲ್ತ್ರು. ಬೇಡ ಅನ್ನೂಕೆ ಬಂದವರಿಗೆ ಬೇಕು ಅನ್ನೂಕೂ ಬರಬೇಕು. ಯಾರಾದ್ರೂ ನಿಲ್ಲಬೇಕಲ್ಲ ತಂಗಿ."

ನಾ ಸುಮ್ಮನಿರ್ಲಿಕ್ಕಾಗದೆ, "ಮಾಸ್ತರ್ರಿಗೆ ಬೇರೆನೇ ಸೀಟು ಅದೆಯಲ್ಲ ಅಕ್ಕೋರೆ? ಹೊರಟ್ಟಿಯೋರು ನಿಲ್ಲೂದು? ಅಲ್ಲೇ ನಿಲ್ಲಿ" ಅಂದೆ.

ನಾನು ಆವತ್ತಿನವರೆಗೂ ತಪ್ಪು ತಿಳಿದಿದ್ದೆ. ನಿಮ್ಮಲ್ಲೂ ಕೆಲವರು ತಿಳಿದಿರಬಹುದು, ಅದಕ್ಕೆ ಬಿಡಿಸಿ ಹೇಳ್ತೆ. ಬೆಂಗಳೂರಲ್ಲಿ ಎರಡು ಮನೆ. ಒಂದು ವಿಧಾನಸಭೆ, 224 ಸೀಟು, ನಾವು ನೀವು ಬೂತಿಗೆ ಹೋಗಿ ಓಟು ಹಾಕೂದು ಅದಕ್ಕೆ. ಇನ್ನೊಂದು ವಿಧಾನ ಪರಿಷತ್ತು, 75 ಸೀಟು. ಅದರಲ್ಲಿ 25 ಜನರನ್ನು ಶಾಸಕರು ಆರಿಸ್ತ್ರು, 25 ಜನರನ್ನು ಪಂಚಾಯ್ತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಯೋರು ಆರಿಸ್ತ್ರು, 7 ಪದವೀಧರರಿಗೆ, 7 ಶಿಕ್ಷಕರಿಗೆ, ಉಳಿದ 11 ನೇಮಕ. ಶಿಕ್ಷಕರ ಆ ಏಳರಲ್ಲಿ ನಮ್ಮ ಜಿಲ್ಲೆ ಸೇರೂದು ಪಶ್ಚಿಮ ಕ್ಷೇತ್ರಕ್ಕೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ನಾಲ್ಕೂ ಜಿಲ್ಲೆ ಒಂದು. ಬಸವರಾಜ ಹೊರಟ್ಟಿಯೋರು ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣದ ಮಾಸ್ತರು ಆಗಿದ್ದೋರು, 1980ರಲ್ಲಿ ಮೊದಲ ಸಲ ಗೆದ್ರು, 2022ರಲ್ಲಿ ಎಂಟನೇ ಸಲ. ಶಿಕ್ಷಣ ಮಂತ್ರಿ ಆದ್ರು, ಸಭಾಪತಿ ಆದ್ರು. ನಲವತ್ತು ವರ್ಷಕ್ಕೂ ಮೇಲೆ ಒಂದೇ ಕ್ಷೇತ್ರದಲ್ಲಿ ಗೆಲ್ಲೂದು ಅಂದ್ರೆ ಸಣ್ಣ ಮಾತಲ್ಲ.

"ಆದ್ರೆ ಆ ಚುನಾವಣೆಯಲ್ಲಿ ನಂಗೆ ಒಂದೇ ಒಂದು ಸಲವೂ ಓಟಿರ್ಲಿಲ್ಲ" ಅಂದ್ರು ಅಕ್ಕೋರು.

ನಾ ಚಾ ಲೋಟ ಕೆಳಗಿಟ್ಟೆ. "ಯಂತಕ್ಕೆ? ನೀವು ಅಕ್ಕೋರಲ್ವಾ?"

"ಕನ್ನಡ ಶಾಲೆ ಅಕ್ಕೋರು. ಸಂವಿಧಾನದಲ್ಲೇ ಬರೆದು ಬಿಟ್ಟಿದ್ದಾರೆ, ಹೈಸ್ಕೂಲು ಮತ್ತು ಅದಕ್ಕಿಂತ ಮೇಲೆ ಕಲಿಸಿದೋರಿಗೆ ಮಾತ್ರ ಓಟು. ಅದೂ ಹಿಂದಿನ ಆರು ವರ್ಷದಲ್ಲಿ ಮೂರು ವರ್ಷ ಕಲಿಸಿರಬೇಕು. ಅ ಆ ಕಲಿಸಿದೋರು ಲೆಕ್ಕಕ್ಕಿಲ್ಲ."

ಅವರ ದನಿಯಲ್ಲಿ ಸಿಟ್ಟಿರ್ಲಿಲ್ಲ. ನಂಗೇ ಸಿಟ್ಟು ಬಂತು. ಮೂಗು ಸುರಿಸಿಕೊಂಡು ಬಂದ ಮಕ್ಕಳ ಮೂಗು ಒರೆಸಿ, ಬಿಸಿಯೂಟ ಬಡಿಸಿ, ಜನಗಣತಿ ಬರೆದು, ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಿದೋರು ಇವ್ರೇ. ಶಿಕ್ಷಕರ ಪ್ರತಿನಿಧಿ ಆರಿಸೂಕೆ ಇವರು ಶಿಕ್ಷಕರಲ್ಲ. ಇನ್ನೊಂದು ವಿಚಿತ್ರ ಕೇಳಿ. ಆ ಕ್ಷೇತ್ರದಲ್ಲಿ ಓಟು ಇಲ್ಲದಿದ್ರೂ ನಿಲ್ಲೂಕೆ ಬರ್ತದಂತೆ! ಮೂವತ್ತು ವರ್ಷ ಆಗಿ, ರಾಜ್ಯದ ಯಾವುದಾದ್ರೂ ವಿಧಾನಸಭಾ ಕ್ಷೇತ್ರದಲ್ಲಿ ಮತದಾರ ಆಗಿದ್ರೆ ಸಾಕು. ಪದವೀಧರರ ಕ್ಷೇತ್ರಕ್ಕೆ ನಿಲ್ಲೋರು ಪದವೀಧರರೇ ಆಗಬೇಕಂತಿಲ್ಲ ಅಂತ ಸುಪ್ರೀಂ ಕೋರ್ಟೇ 1972ರಲ್ಲಿ ಹೇಳಿತ್ತಂತೆ. "ನಂಗೆ ನಾನೇ ಓಟು ಹಾಕೂಕೆ ಬರದ ಕಡೆ ನಾ ಎಂತಕ್ಕೆ ನಿಲ್ಲಲಿ? ನಮ್ಮೂರ ಹೆಂಗಸ್ರು ಓಟು ಹಾಕೋ ಕಡೆನೇ ನಿಲ್ತೆ" ಅಂದ್ರು.

ಮರುದಿನ ಅರ್ಜಿ ತಂದ್ರು. ಕಾರವಾರ ಅಂದ್ರೆ 77ನೇ ಕ್ಷೇತ್ರ. ಕಾಳಿ ಆಚೆ ಮಾಜಾಳಿಯಿಂದ ಈಚೆ ಗಂಗಾವಳಿ ದಂಡೆವರೆಗೆ, ಕಾರವಾರ ಅಂಕೋಲೆ ಎರಡೂ ಸೇರಿ, ಎರಡು ಲಕ್ಷಕ್ಕೂ ಹೆಚ್ಚು ಮತದಾರರು. ನಾಮಪತ್ರಕ್ಕೆ ಏಪ್ರಿಲ್ 13ರಿಂದ 20ರವರೆಗೆ ಸಮಯ, ಮೇ 10ಕ್ಕೆ ಮತದಾನ. ನಮ್ಮ ಜಗಲಿ ಮೇಲೆ ಕನ್ನಡಕ ಹಾಕ್ಕೊಂಡು ಕೂತು, ಮಕ್ಕಳ ಉತ್ತರ ಪತ್ರಿಕೆ ತಿದ್ದೋ ಹಾಗೆ ಅರ್ಜಿ ಓದಿದ್ರು. ಠೇವಣಿ ಹತ್ತು ಸಾವಿರ, ಪರಿಶಿಷ್ಟರಿಗೆ ಐದು ಸಾವಿರ. ಬಿದ್ದ ಸರಿ ಮತಗಳಲ್ಲಿ ಆರನೇ ಒಂದು ಪಾಲು ಬರದಿದ್ರೆ ಆ ದುಡ್ಡು ವಾಪಸ್ ಇಲ್ಲ. ಚುನಾವಣೆ ಖರ್ಚಿಗೇ ಅಂತ ಬೇರೆ ಬ್ಯಾಂಕ್ ಖಾತೆ ತೆಗೀಬೇಕು. ಒಬ್ಬ ಅಭ್ಯರ್ಥಿ 40 ಲಕ್ಷದವರೆಗೆ ಖರ್ಚು ಮಾಡಬಹುದು. ಅದನ್ನ ಓದಿ ಅಕ್ಕೋರು, "ಮಾಡಬಹುದು ಅಂತ ಬರೆದದ್ದು, ಮಾಡಲೇಬೇಕು ಅಂತಲ್ಲ ಅಲಾ?" ಅಂದ್ರು. ಇಬ್ಬರೂ ನಕ್ಕೆವು.

ಪ್ರಮಾಣಪತ್ರದ್ದೇ ದೊಡ್ಡ ಪುರಾಣ. ಜಾಗ ಎಷ್ಟು, ಮನೆ ಎಷ್ಟು, ಸಾಲ ಎಷ್ಟು, ಪೊಲೀಸ್ ಕೇಸು ಅದೆಯಾ, ಐದು ವರ್ಷದ ಆದಾಯ ಎಷ್ಟು, ಎಲ್ಲ ಬರೀಬೇಕು. ಬಂಗಾರದ ತೂಕವನ್ನೂ ಬಿಡೂದಿಲ್ಲ. ಅಕ್ಕೋರು ಕೈಬಳೆ ಬಿಚ್ಚಿ ನಮ್ಮನೆ ಅಡುಗೆ ತಕ್ಕಡಿಯಲ್ಲಿ ಇಟ್ರು. ಹಪ್ಪಳದ ಹಿಟ್ಟು ತೂಗೋ ತಕ್ಕಡಿ, ಅದಕ್ಕೆ ಬಂಗಾರ ತಾಗಿದ್ದು ಅದೇ ಮೊದ್ಲು.

ಕೊನೆಗೆ ಬಂದದ್ದು ಸೂಚಕರ ಸಹಿ. ದೊಡ್ಡ ಪಕ್ಷದಿಂದ ನಿಲ್ಲೋರಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರೇ ಆಗಿರಬೇಕು.

"ಹತ್ತು ಸಹಿ ಎಂತ ದೊಡ್ಡದು ಅಕ್ಕೋರೆ? ಈ ಕೇರಿಯಲ್ಲೇ ನೂರು ಸಿಗ್ತದೆ" ಅಂದವಳು ನಾನೇ. ಆ ಮಾತು ಈಗ ನೆನಪಾದ್ರೆ ನಾಚಿಕೆ ಆಗ್ತದೆ.

ಮೊದಲು ಹೋದದ್ದು ಅವರ ಜೊತೆ ಕಲಿಸಿದ ಅಕ್ಕೋರು, ಮಾಸ್ತರ್ರ ಹತ್ರ. ಅವರಿಗೆಲ್ಲ ಮನಸ್ಸಿತ್ತು, ಆದ್ರೆ ಸೇವೆಯಲ್ಲಿ ಇದ್ದೋರು ಯಾರ ನಾಮಪತ್ರಕ್ಕೂ ಸೂಚಕರಾಗೂಕೆ ಬರೂದಿಲ್ಲ, ನಡತೆ ನಿಯಮಕ್ಕೆ ವಿರುದ್ಧ. ಅದು ಅಕ್ಕೋರಿಗೂ ಗೊತ್ತಿತ್ತು. "ಕೇಳೂಕಲ್ಲ, ತಿಳಿಸೂಕೆ ಹೋದದ್ದು" ಅಂದ್ರು.

ಅವರಿಗಿಂತ ಚುನಾವಣೆ ನಿಯಮ ತಿಳಿದೋರು ನಮ್ಮ ಸುತ್ತ ಯಾರಿದ್ರು ಹೇಳಿ? ಮೂವತ್ತಾರು ವರ್ಷದಲ್ಲಿ ಎಷ್ಟು ಚುನಾವಣೆ ಮಾಡಿಸಿದ್ರೋ ಲೆಕ್ಕ ಇಲ್ಲ. ಹಿಂದಿನ ದಿನವೇ ಪೆಟ್ಟಿಗೆ, ಪಟ್ಟಿ, ಅರಗು ಹೊತ್ಕೊಂಡು ಹೋಗಿ ಗೊತ್ತಿಲ್ಲದ ಊರ ಶಾಲೆಯಲ್ಲಿ ಬೆಂಚು ಜೋಡಿಸಿ ಮಲಗೂದು. ಹೆಂಗಸರಿಗೆ ಬಚ್ಚಲು ಇದ್ರೆ ಇತ್ತು, ಇಲ್ಲದಿದ್ರೆ ಇಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಎಡಗೈ ತೋರುಬೆರಳಿಗೆ ಶಾಯಿ ಹಚ್ಚೂದು. ಆ ಶಾಯಿ ನಮ್ಮ ಮೈಸೂರಲ್ಲೇ ಆಗೂದು, 1962ರಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಹೋಗೂದು ಅಂತ ಮೂರನೇ ತರಗತಿಯಲ್ಲೇ ನಮಗೆ ಹೇಳಿದ್ರು. "ಊರವರ ಬೆರಳಿಗೆಲ್ಲ ಹಚ್ಚಿದ್ದೆ. ನಾ ಯಾರ ಬಗ್ಗೆನೂ ಒಂದು ಮಾತು ಆಡೂಕೆ ಬರ್ತಿರ್ಲಿಲ್ಲ. ನಿವೃತ್ತಿ ಆದ ಮೇಲೇ ನಂಗೆ ಬಾಯಿ ಬಂದದ್ದು" ಅನ್ನೋರು.

ಅವರ ಮೊದಲ ದೊಡ್ಡ ಡ್ಯೂಟಿ 1989ರ ನವೆಂಬರ್. ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ ಬಂದಿತ್ತು. ಆ ಸಲ ನಮ್ಮ ಲೋಕಸಭಾ ಕ್ಷೇತ್ರಕ್ಕೆ ಶಿವರಾಮ ಕಾರಂತರು ನಿಂತಿದ್ರು. ಕೈಗಾದಲ್ಲಿ ಅಣುಸ್ಥಾವರ ಬೇಡ ಅಂತ, ಎಂಬತ್ತೇಳನೇ ವಯಸ್ಸಿನಲ್ಲಿ, ಕೋಟದಿಂದ ನಮ್ಮ ಜಿಲ್ಲೆಗೆ ಬಂದು. ಜ್ಞಾನಪೀಠ ಬಂದೋರು, ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಕಲಿಸೋ ಬೇರೆ ದಾರಿ ಹುಡುಕಿದೋರು. ಅಕ್ಕೋರು ಹೇಳಿದ್ದು ಇಷ್ಟು: "ಸಾಲಲ್ಲಿ ನಿಂತೋರು ಮಾತಾಡೂದು ಕೇಳ್ತಿತ್ತು. ಕಾರಂತಜ್ಜ ದೊಡ್ಡೋರು, ಅವರು ಹೇಳೂದು ಖರೇ, ಆದ್ರೆ ಓಟು ಬೇರೆ ಅಂತ. ಎಲ್ಲರ ಬಾಯಲ್ಲೂ ಅದೇ." ಕಾರಂತರು ಸೋತ್ರು, ಕಾಂಗ್ರೆಸ್ಸಿನ ದೇವರಾಯ ನಾಯ್ಕರು ಗೆದ್ರು. 1994ರಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಮೈ ಕುಸಿದಾಗ ಅಕ್ಕೋರಿಗೆ ಮೊದಲು ನೆನಪಾದದ್ದು ಆ ಸಾಲೇ ಅಂತೆ. 2000ದಲ್ಲಿ ಸ್ಥಾವರ ಶುರುವಾತು, ನಮ್ಮ ಎಷ್ಟೋ ಮನೆಗೆ ಅಲ್ಲಿಂದ ಸಂಬಳನೂ ಬಂತು. ಅದು ಸರಿಯೋ ತಪ್ಪೋ ನಾ ಹೇಳೂದಿಲ್ಲ. ಗೌರವ ಕೊಟ್ಟು ಕೈ ಬಿಡೂದು ನಮಗೆ ಮೊದಲಿಂದ ಅಭ್ಯಾಸ ಅದೆ ಅಂತ ಮಾತ್ರ ಹೇಳ್ತೆ.

ಹಾಗಂತ ಯಾವಾಗಲೂ ಹಾಗೇ ಅಲ್ಲ. ನಮ್ಮ ಅಂಕೋಲೆಯ ದಿನಕರ ದೇಸಾಯಿಯೋರು 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದಿದ್ರು. ಗೇಣಿದಾರ ರೈತರ ಪರ ನಿಂತದ್ದಕ್ಕೆ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದಲೇ ಗಡಿಪಾರಾದೋರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿ ಊರೂರಿಗೆ ಹೈಸ್ಕೂಲು ಕೊಟ್ಟೋರು. ನಮ್ಮ ಅತ್ತೆ ಆ ಸಲ ಅವರಿಗೇ ಓಟು ಹಾಕಿದ್ದು ಅಂತ ಈಗಲೂ ಹೆಮ್ಮೆಯಿಂದ ಹೇಳ್ತ್ರು. "ಅವರು ಶಾಲೆ ಕಟ್ಟಿದ್ರು, ನಾವು ಅವರ ಕೈ ಹಿಡಿದೆವು" ಅಂತ ಅತ್ತೆ ಮಾತು.

ಈಗ ಸಹಿ ವಿಷಯಕ್ಕೆ ಬತ್ತೆ.

ಅಕ್ಕೋರು ಮೂರು ದಿನ ತಿರುಗಿದ್ರು. ಎಲ್ಲರೂ ಕೂಡ್ರಿಸಿ ಬೆಲ್ಲ ನೀರು ಕೊಟ್ರು, ಕೋಕಂ ಶರಬತ್ತು ಕೊಟ್ರು, "ನಿಮಗೆ ಇಲ್ಲ ಅನ್ನೂಕೆ ಆತದೆಯಾ ಅಕ್ಕೋರೆ, ನಮ್ಮ ಓಟು ನಿಮಗೇ" ಅಂದ್ರು. ಅರ್ಜಿ ತೆಗೆದ ಕೂಡ್ಲೆ ಮುಖ ಬೇರೆ ಆತು. ಒಬ್ಬರ ಮಗನದ್ದು ಗುತ್ತಿಗೆ ಕೆಲಸ. ಒಬ್ಬರ ಸೊಸೆ ಅಂಗನವಾಡಿಗೆ ಅರ್ಜಿ ಹಾಕಿದ್ಲು. ಒಬ್ಬರ ಮನೆ ದಾರಿ ತಕರಾರು ಪಂಚಾಯ್ತಿಯಲ್ಲಿ ಇತ್ತು. ಒಬ್ಬರು ಕನ್ನಡಕ ಇಲ್ಲ ನಾಳೆ ಬನ್ನಿ ಅಂದ್ರು, ಕನ್ನಡಕ ತಲೆ ಮೇಲೇ ಇತ್ತು. ಯಾರೂ ಕೆಟ್ಟೋರಲ್ಲ. ಓಟು ಗುಟ್ಟಿನದ್ದು, ಪರದೆ ಹಿಂದೆ ಯಾರಿಗೆ ಒತ್ತಿದ್ರೂ ಯಾರಿಗೂ ಗೊತ್ತಾಗೂದಿಲ್ಲ. ಸಹಿ ಹಾಗಲ್ಲ. ಹೆಸರು, ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎಲ್ಲ ಹಾಕಿ, ನಾ ಇವರನ್ನು ಸೂಚಿಸ್ತೆ ಅಂತ ಬೆಳಕಲ್ಲಿ ಹೇಳೂದು. ನಮಗೆ ಹೆದರಿಕೆ ಆದದ್ದು ಆ ಬೆಳಕಿಗೆ.

ಹದಿನೆಂಟನೇ ತಾರೀಖು ಸಂಜೆ ನಮ್ಮನೆಗೆ ಬಂದ್ರು. ಆರು ಸಹಿ ಆಗಿತ್ತು. ಅದರಲ್ಲಿ ನಾಲ್ಕು ಹೆಂಗಸರದ್ದು. ಒಬ್ಬಳು ಹಾಲಕ್ಕಿ ಅಜ್ಜಿ, ಬಸಳೆ ಸೊಪ್ಪು ಮಾರೋಳು. ಅವಳಿಗೆ ಸಹಿ ಬರೂದಿಲ್ಲ. ಹೆಬ್ಬೆಟ್ಟು ಒತ್ತೋದಾದ್ರೆ ಚುನಾವಣಾಧಿಕಾರಿ ಇಲ್ಲಾ ನೇಮಿಸಿದ ಅಧಿಕಾರಿ ಎದುರೇ ಒತ್ತಬೇಕು ಅಂತ ನಿಯಮ. "ನಾ ಕಾರವಾರಕ್ಕೆ ಬತ್ತೆ ಅಕ್ಕೋರೆ, ಬಸ್ಸಿನ ದುಡ್ಡು ನಂದೇ" ಅಂದಿದ್ಲಂತೆ.

"ನೀ ಏಳನೇದು" ಅಂದ್ರು ಅಕ್ಕೋರು, ಪೆನ್ನು ಚಾಚಿ.

ನಂಗೆ ಕೈ ಬರ್ಲಿಲ್ಲ. ನಮ್ಮನೆಯೋರ ಕೆಲಸದ ವಿಷಯ, ಭಾವ ಒಂದು ಪಕ್ಷದಲ್ಲಿ ಓಡಾಡೂದು, ಎಲ್ಲ ಒಂದೇ ಸಲ ತಲೆಗೆ ಬಂತು. "ಮನೇಲಿ ಒಂದು ಮಾತು ಕೇಳಿ ನಾಳೆ ಬತ್ತೆ ಅಕ್ಕೋರೆ" ಅಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಆತು ತಂಗಿ, ಕೇಳು" ಅಂದ್ರು.

ರಾತ್ರಿ ಕೇಳಿದೆ. ನಮ್ಮನೆಯೋರು ಬೇಡ ಅನ್ಲಿಲ್ಲ. ಬಂಗಡೆ ಸಾರಲ್ಲಿ ಗಂಜಿ ಉಣ್ತಾ, "ನಿಂಗೆ ಬಿಟ್ಟದ್ದು. ನಾಳೆ ಯಾರಾದ್ರೂ ಕೇಳಿದ್ರೆ ನೀನೇ ಉತ್ತರ ಕೊಡು" ಅಂದ್ರು ಅಷ್ಟೇ. ಅವರ ಮೇಲೆ ಹೊರಿಸೂಕೆ ನಂಗೆ ಏನೂ ಇಲ್ಲ. ಬೇಡ ಅಂದಿದ್ರೆ ನಂಗೆ ಸುಲಭ ಆಗ್ತಿತ್ತು. ಅವರು ಅನ್ಲಿಲ್ಲ, ನಾನೇ ಹೋಗ್ಲಿಲ್ಲ.

ಹತ್ತೊಂಬತ್ತಕ್ಕೆ ಹಪ್ಪಳ ಅದೆ ಅಂದ್ಕೊಂಡೆ. ಇಪ್ಪತ್ತಕ್ಕೆ ಬೆಳಗ್ಗೆಯಿಂದ ಮುರುಗಲ ಹಣ್ಣು ಒಡೀತಾ ಕೂತೆ. ಕೈಯೆಲ್ಲ ಕೆಂಪು. ಮಧ್ಯಾಹ್ನ ಮೂರು ಗಂಟೆಗೆ ನಾಮಪತ್ರದ ಸಮಯ ಮುಗೀತದೆ ಅಂತ ಗೊತ್ತಿತ್ತು. ಗಡಿಯಾರ ನೋಡ್ತಾನೇ ಇದ್ದೆ. ಮೂರು ಆತು. ನಾಲ್ಕಕ್ಕೆ ಕೈ ತೊಳ್ಕೊಂಡು ಅವರ ಮನೆಗೆ ಹೋದೆ, ಹೇಳೂಕೆ ಒಂದು ಸುಳ್ಳು ಕಟ್ಕೊಂಡು.

ಅಕ್ಕೋರು ಅಂಗಳದಲ್ಲಿ ಇಶಾಡ ಮಾವು ಹುಲ್ಲಲ್ಲಿ ಮುಚ್ಚಿಡ್ತಿದ್ರು. "ಎಂಟಾತು ತಂಗಿ. ಎರಡು ಕಮ್ಮಿ ಬಿತ್ತು" ಅಂದ್ರು. ನನ್ನ ಸುಳ್ಳು ಕೇಳೂಕೆ ಕಾಯ್ಲಿಲ್ಲ. ನಾಲ್ಕು ಹಣ್ಣು ಕೈಗೆ ಕೊಟ್ಟು, "ಇವು ಎರಡು ದಿನ ಬೇಕು, ಒತ್ತಿ ನೋಡಿ ಕೊಯ್ಯಿ" ಅಂದ್ರು. ಆ ವರ್ಷನೇ ಅಂಕೋಲೆಯ ಕರಿ ಇಶಾಡಿಗೆ ಜಿಐ ಗುರುತು ಸಿಕ್ಕಿತ್ತು, ಊರಲ್ಲಿ ಎಲ್ಲರಿಗೂ ಖುಷಿ. ಆ ನಾಲ್ಕು ಹಣ್ಣು ನಾ ಮಕ್ಕಳಿಗೆ ಕೊಯ್ದು ಕೊಟ್ಟೆ. ನನ್ನ ಗಂಟಲಲ್ಲಿ ಇಳೀಲಿಲ್ಲ.

ಅಲ್ಲಿಗೆ ಮುಗೀತು ಅಂತ ತಿಳಿದಿದ್ದೆ. ಮುಗೀಲಿಲ್ಲ. ಆ ಸಲ ಎಂಬತ್ತು ದಾಟಿದೋರಿಗೆ ಮನೆಯಲ್ಲೇ ಓಟು ಹಾಕೋ ಸೌಲಭ್ಯ ಬಂದಿತ್ತು. ನಮ್ಮ ಅತ್ತೆಗೂ ಅರ್ಜಿ ಕೊಟ್ಟಿದ್ದೆವು. ಅಧಿಕಾರಿಗಳು, ಪೊಲೀಸ್, ವಿಡಿಯೋ ಮಾಡೋ ಹುಡುಗ ಎಲ್ಲ ಬಂದ್ರು. ಜಗಲಿ ಮೂಲೆಯಲ್ಲಿ ರಟ್ಟಿನ ಮರೆ ಇಟ್ಟು ಮತಪತ್ರ ಕೊಟ್ರು. ಅತ್ತೆ ಕಾಗದ ತಿರುಗಿಸಿ ಮುರುಗಿಸಿ ನೋಡಿ ಗಟ್ಟಿಯಾಗಿ ಕೇಳಿದ್ರು:

"ಇದರಲ್ಲಿ ನಮ್ಮ ಅಕ್ಕೋರ ಹೆಸ್ರು ಎಲ್ಲದೆ?"

ಅಧಿಕಾರಿ, "ಅಜ್ಜಿ, ಯಾರ ಹೆಸರೂ ಹೇಳಬಾರದು, ಗುಟ್ಟು" ಅಂದ್ರು. ಅತ್ತೆ ಬಿಡ್ಲಿಲ್ಲ. "ಗುಟ್ಟು ಎಂತದು? ಮೂರು ದಿನ ನಮ್ಮ ಜಗಲಿಯಲ್ಲೇ ಕೂತು ಬರೆದದ್ದಲ್ಲ?" ಆಮೇಲೆ ನನ್ನ ಕಡೆ ನೋಡಿದ್ರು. "ಯಂತಕ್ಕೆ ಇಲ್ಲ?"

ನಾ ಅಡುಗೆ ಮನೆಗೆ ಹೋದೆ.

ಮೇ 13ಕ್ಕೆ ಎಣಿಕೆ ಆತು. ನಮ್ಮ ಕ್ಷೇತ್ರದಲ್ಲಿ ಹಿಂದಿನ ಸಲ ಗೆದ್ದಿದ್ದ ರೂಪಾಲಿ ನಾಯ್ಕರು ಸೋತು ಸತೀಶ ಸೈಲ್ ಗೆದ್ರು. ಅಂತರ ಎರಡು ಸಾವಿರದ ಚಿಲ್ಲರೆ ಮಾತ್ರ. ಅಕ್ಕೋರು ನಿಂತಿದ್ರೆ ಗೆಲ್ತಿದ್ರು ಅಂತ ನಾ ಹೇಳೂದಿಲ್ಲ, ಅವರೂ ಹೇಳ್ತಿರ್ಲಿಲ್ಲ. ಠೇವಣಿ ಹೋಗ್ತದೆ ಅಂತ ಗೊತ್ತಿದ್ದೇ ಹತ್ತು ಸಾವಿರ ತೆಗೆದಿಟ್ಟಿದ್ರು. "ಸೋಲೂಕೂ ಹೆಸರು ಪಟ್ಟಿಯಲ್ಲಿ ಇರಬೇಕಲ್ಲ" ಅಂತಿದ್ರು. ಹದಿನೈದು ದಿನ ಮೈಕು ಹಿಡಿದು ಆಸ್ಪತ್ರೆ, ಆಸ್ಪತ್ರೆ ಅಂತ ಊರೂರಲ್ಲಿ ಒಬ್ಬ ಅಕ್ಕೋರು ಕೂಗಿದ್ರೆ, ಗೆಲ್ಲೋರೂ ಉತ್ತರ ಕೊಡಬೇಕಾಗ್ತಿತ್ತು. ಅವರಿಗೆ ಬೇಕಾದದ್ದು ಅಷ್ಟೇ.

ನಂಗೆ ಅರ್ಥ ಆಗೂಕೆ ತಡ ಆತು. ಸೂಚಕರ ಸಹಿ ಅಂದ್ರೆ ಓಟಿನ ವಚನ ಅಲ್ಲ. ಸಹಿ ಹಾಕಿ ಬೇರೆಯವರಿಗೆ ಓಟು ಹಾಕಿದ್ರೂ ತಪ್ಪಿಲ್ಲ. ಇವರ ಮಾತೂ ಊರಿನವರ ಕಿವಿಗೆ ಬೀಳಲಿ ಅಂತ ಬಾಗಿಲು ತೆಗೆದು ಕೊಡೂದು, ಇಷ್ಟೇ. ನಂಗೆ ಅಕ್ಷರ ಕಲಿಸಿದೋರು ಆ ಅಕ್ಷರದಲ್ಲಿ ನನ್ನ ಹೆಸರು ಒಂದು ಸಲ ಬರೆದು ಕೊಡು ಅಂತ ಕೇಳಿದ್ರು. ನಾ ಮನೇಲಿ ಕೇಳ್ತೆ ಅಂದೆ.

ಈ ಮಾತನ್ನ ಹೋದ ತಿಂಗಳು ಅಕ್ಕೋರಿಗೆ ಹೇಳಿದೆ. ಸುಳ್ಳು ಕಟ್ಟಿದ್ದು, ಗಡಿಯಾರ ನೋಡ್ತಾ ಕೂತದ್ದು, ಎಲ್ಲ. ಅವರು ನನ್ನ ಮಗಳ ಮತದಾರರ ಅರ್ಜಿ ತುಂಬಿಸ್ತಿದ್ರು. ಹದಿನೇಳು ದಾಟಿದ ಕೂಡ್ಲೆ ಮೊದಲೇ ಅರ್ಜಿ ಕೊಟ್ಟಿಡಬಹುದು, ಈಗ ವರ್ಷಕ್ಕೆ ನಾಲ್ಕು ಸಲ ಸೇರಿಸ್ತ್ರು, ಕಾಯೂದು ಬೇಡ ಅಂತ ಅವರೇ ತಂದದ್ದು. ಕೇರಿಯ ಎಲ್ಲ ಹುಡುಗಿಯರದ್ದೂ ಹೀಗೇ ಮಾಡಿಸ್ತಿದ್ದಾರೆ.

"ಗೊತ್ತಿತ್ತು ತಂಗಿ" ಅಂದ್ರು. "ನೀ ಸಣ್ಣೋಳಿದ್ದಾಗಲೂ ಹೋಂವರ್ಕ್ ಮಾಡದೆ ಬಂದ ದಿನ ಮೊದ್ಲೇ ನನ್ನ ಮುಖ ನೋಡ್ತಿರ್ಲಿಲ್ಲ."

ಆಮೇಲೆ, "ಗ್ರಾಮ ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರದ್ದೇ. ಮುಂದಿನ ಸಲ ನೀ ನಿಲ್ಲು" ಅಂದ್ರು.

"ನಾನಾ? ನಂಗೆಂತ ಗೊತ್ತದೆ ಅಕ್ಕೋರೆ!"

"ನಿಂಗೆ ಸಹಿ ಹಾಕೂಕೆ ನಾ ಇದ್ದೆ. ಮನೇಲಿ ಕೇಳಿ ಬತ್ತೆ ಅನ್ನೂದಿಲ್ಲ."

ಚುಚ್ಚಿದ್ದೋ, ಸಮಾಧಾನ ಮಾಡಿದ್ದೋ ಇವತ್ತಿಗೂ ಗೊತ್ತಾಗ್ಲಿಲ್ಲ. ಎರಡೂ ಇರಬೇಕು. ನಾ ನಿಲ್ತೆ ಅಂತ ಇಲ್ಲಿ ಹೇಳೂಕೆ ಧೈರ್ಯ ಇಲ್ಲ. ಆದ್ರೆ ನಿಮ್ಮಲ್ಲಿ ಯಾರಾದ್ರೂ ನಿಂತ್ರೆ, ಅದು ಪಂಚಾಯ್ತಿಗೆ ಇರ್ಲಿ, ಬೆಂಗಳೂರಿಗೆ ಇರ್ಲಿ, ಯಾವ ಕೇರಿಯವಳೇ ಆಗ್ಲಿ, ಅರ್ಜಿ ಹಿಡ್ಕೊಂಡು ನಮ್ಮನೆಗೆ ಬನ್ನಿ. ಕೈ ಮುರುಗಲಿನಲ್ಲಿ ಕೆಂಪಾಗಿದ್ರೂ ತೊಳ್ಕೊಂಡು ಬಂದು ಸಹಿ ಹಾಕ್ತೆ. ಮೊದಲ ಹೆಸರು ನಂದೇ ಇರ್ಲಿ.